ನಿಲ್ಲಿಸುವ ವಿದ್ಯೆ

ಹಳೆಯ ಮೋಟಾರು ಕಾರೊಂದು ಎಲ್ಲಿಯಾದರೂ ನಿಂತಿದ್ದರೆ ಅದರ ಸುತ್ತ ನಾಲ್ಕು ಜನ ಸೇರುವುದು ಸಹಜ. ಹಾಗೆ ಸೇರಿದವರು ಕೇಳುವ ಪ್ರಶ್ನೆಗಳನ್ನು ನಾನು ಬಹಳ ದಿನಗಳಿಂದ ಗಮನಿಸುತ್ತ ಬಂದಿದ್ದೇನೆ. ಯಾವ ವರ್ಷದ್ದು? ಲೀಟರಿಗೆ ಎಷ್ಟು ಕೊಡುತ್ತದೆ? ಎಷ್ಟು ವೇಗ ಹೋಗುತ್ತದೆ? ಈಗ ಮಾರಿದರೆ ಎಷ್ಟು ಬಂದೀತು? ಕೆಲವರು ಬಾನೆಟ್ಟನ್ನು ಎತ್ತಿಸಿ, ಎಂಜಿನ್ನಿನ ದರ್ಶನ ಪಡೆದೇ ಮುಂದೆ ಹೋಗುತ್ತಾರೆ. ಆದರೆ ‘ಇದು ನಿಲ್ಲುತ್ತದೆಯೆ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಓಡುವುದು ಗುಣ, ನಿಲ್ಲುವುದು ಗುಣಗಳ ಲೆಕ್ಕಕ್ಕೆ ಬಾರದ್ದು ಎಂಬುದು ಲೋಕದ ತೀರ್ಮಾನವೆಂದು ತೋರುತ್ತದೆ.

ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳಿಗಾಗಿ ‘ಪಯಣ’ ಎಂಬ ಸಂಗ್ರಹಾಲಯವೊಂದು 2023ರಲ್ಲಿ ತೆರೆಯಿತು. ಹಳೆಯ ವಾಹನಗಳನ್ನು ಕಣ್ತುಂಬ ನೋಡಬಯಸುವವರಿಗೆ ಅದು ಒಳ್ಳೆಯ ತಾಣ. ಅಲ್ಲಿಯೂ ನೋಡುವವರ ಕಣ್ಣು ಹೋಗುವುದು ಬಣ್ಣದ ಕಡೆಗೆ, ದೀಪಗಳ ಕಡೆಗೆ, ಬೆಳ್ಳಗೆ ಹೊಳೆಯುವ ಬಂಪರಿನ ಕಡೆಗೆ. ಸಂಗ್ರಹಾಲಯದೊಳಗೆ ನೆಲೆ ನಿಂತ ಕಾರಿಗೆ ನಿಲ್ಲುವ ಚಿಂತೆಯಿಲ್ಲ. ಆದರೆ ಇನ್ನೂ ರಸ್ತೆಗೆ ಇಳಿಯುವ ಹಳೆಯ ಕಾರುಗಳು ನಮ್ಮ ಜಿಲ್ಲೆಯಲ್ಲಿ ಅಲ್ಲಲ್ಲಿ ಉಳಿದಿವೆ. ಮದುವೆಯ ದಿಬ್ಬಣಕ್ಕೆ, ಜಾತ್ರೆಗೆ, ಕುಲದೇವರ ದರ್ಶನಕ್ಕೆ ಅವು ಕೊಟ್ಟಿಗೆಯ ಪಕ್ಕದ ಮಾಡಿನಿಂದ ಹೊರಬರುತ್ತವೆ. ಅವುಗಳ ವಿಷಯದಲ್ಲಿ ನಾನು ಮೇಲೆ ಹೇಳಿದ, ಯಾರೂ ಕೇಳದ ಪ್ರಶ್ನೆಯೇ ಮೊದಲನೆಯ ಪ್ರಶ್ನೆಯಾಗಬೇಕು.

ಹಳ್ಳಿಗಾಡಿನಲ್ಲಿ ಬೆಳೆದವರಿಗೆ ಈ ಚಿಂತೆ ಹೊಸದೇನಲ್ಲ. ಕಬ್ಬು ಹೇರಿದ ಎತ್ತಿನ ಗಾಡಿ ಕೆರೆಯ ಏರಿಯಿಂದ ಇಳಿಯುವಾಗ ಎತ್ತುಗಳಿಗೆ ಎಳೆಯುವ ಕೆಲಸವಿಲ್ಲ, ತಡೆಯುವ ಕೆಲಸ. ಹೊರೆಯ ನೂಕು ನೊಗದ ಮೂಲಕ ಅವುಗಳ ಕುತ್ತಿಗೆಗೆ ಬರುತ್ತದೆ. ಗಾಡಿ ಹೊಡೆಯುವವನು ಆಗ ಕೆಳಗಿಳಿದು, ಹಗ್ಗ ಬಿಗಿಹಿಡಿದು, ಮೈಯನ್ನು ಹಿಂದಕ್ಕೆ ವಾಲಿಸಿಕೊಂಡು ಹೆಜ್ಜೆಯಿಡುತ್ತಾನೆ. ತೇರಿನ ಮಾತೂ ಅಂತೆಯೇ. ಆದಿಚುಂಚನಗಿರಿಯಲ್ಲಿ ಫಾಲ್ಗುಣ ಮಾಸದ ಜಾತ್ರೆಗೆ ಕಾಲಭೈರವೇಶ್ವರನ ತೇರು ಹರಿಯುವಾಗ ಮಿಣಿಗೆ ಕೈಹಾಕುವವರು ಲೆಕ್ಕವಿಲ್ಲ. ಯಾವ ಊರಿನ ತೇರನ್ನು ನೋಡಿದರೂ ಗಾಲಿಯ ಬಳಿ ಮರದ ಬೆಣೆ ಹಿಡಿದು ಬಗ್ಗಿ ನಡೆಯುವವರು ಮೂರೋ ನಾಲ್ಕೋ ಜನ ಮಾತ್ರ. ಜಯಘೋಷ ಎಳೆಯುವವರಿಗೆ; ತೇರು ದಾರಿ ತಪ್ಪದೆ ನೆಲೆಗೆ ಬಂದು ನಿಲ್ಲುವುದು ಮಾತ್ರ ಬಗ್ಗಿ ನಡೆಯುವವರ ಕಣ್ಣಳತೆಯಿಂದ.

ಮೋಟಾರು ಕಾರಿನಲ್ಲಿ ಈ ಬೆಣೆ ಕೊಡುವ ಕೆಲಸವನ್ನು ಮಾಡುವುದು ಒಂದು ದ್ರವ. ಮೊದಮೊದಲಿನ ಕಾರುಗಳಲ್ಲಿ ಪೆಡಲಿನಿಂದ ಚಕ್ರದವರೆಗೆ ಕಂಬಿಗಳೂ ತಂತಿಗಳೂ ಇದ್ದವು. ಒಂದು ಕಂಬಿ ತುಸು ಬಿಗಿ, ಇನ್ನೊಂದು ತುಸು ಸಡಿಲ ಎಂದಾದರೆ ಒಂದು ಚಕ್ರ ಮೊದಲು ಹಿಡಿದು, ಕಾರು ಆ ಮಗ್ಗುಲಿಗೆ ಎಳೆಯುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತನು 1910ರ ದಶಕದಲ್ಲಿ ದ್ರವದ ಬ್ರೇಕಿನ ವ್ಯವಸ್ಥೆಯನ್ನು ರೂಪಿಸಿದನು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಚಕ್ರಗಳಿಗೂ ಅದನ್ನು ಅಳವಡಿಸಿಕೊಂಡಿತು. ಹೆನ್ರಿ ಫೋರ್ಡನ ಕಂಪನಿ ಮಾತ್ರ ಹಳೆಯ ಪದ್ಧತಿಯನ್ನೇ ನೆಚ್ಚಿಕೊಂಡಿದ್ದು, 1939ರ ಮಾದರಿಗಳಲ್ಲಿ ಹೊಸದನ್ನು ಒಪ್ಪಿತು. ಇದಕ್ಕೆಲ್ಲ ಆಧಾರವಾದ ತತ್ತ್ವವನ್ನು ಹೇಳಿದವನು 17ನೆಯ ಶತಮಾನದ ಫ್ರೆಂಚ್ ಪಂಡಿತ ಬ್ಲೇಸ್ ಪ್ಯಾಸ್ಕಲ್. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದೇ ಆ ತತ್ತ್ವ. ಪ್ರೌಢಶಾಲೆಯಲ್ಲಿ ಓದಿದ ಎಲ್ಲರಿಗೂ ಇದು ಗೊತ್ತು. ಪರೀಕ್ಷೆಯ ಮರುದಿನ ಮರೆತುಹೋಗುವುದೂ ಉಂಟು.

ಕನ್ನಂಬಾಡಿಯ ಕಟ್ಟೆಯಿಂದ ಬಿಟ್ಟ ನೀರು ನಾಲೆಯಲ್ಲಿ ಹರಿದು ಮಂಡ್ಯದ ಗದ್ದೆಗೆ ಬರಲು ಹೊತ್ತು ಹಿಡಿಯುತ್ತದೆ. ಬ್ರೇಕಿನ ಕೊಳವೆಯಲ್ಲಿ ಹಾಗಲ್ಲ. ಅಲ್ಲಿ ದ್ರವ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡಬೇಕಾಗಿಲ್ಲ, ಮೊದಲೇ ತುಂಬಿಕೊಂಡಿದೆ. ಕಾಲು ಒತ್ತಿದ ಕ್ಷಣದಲ್ಲಿಯೇ ಒತ್ತಡ ಚಕ್ರವನ್ನು ಮುಟ್ಟುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಚಾಲಕನು 20 ಕಿಲೋಗ್ರಾಂ ಭಾರದಷ್ಟು ಒತ್ತಿದನೆಂದೂ ಪೆಡಲಿನ ಸನ್ನೆ ಅದನ್ನು ಐದು ಪಾಲು ಹೆಚ್ಚಿಸಿತೆಂದೂ ಇಟ್ಟುಕೊಳ್ಳಿ. ಮಾಸ್ಟರ್ ಸಿಲಿಂಡರಿನ ಕೊಂತದ ಮೇಲೆ 100 ಕಿಲೋ ಬಿತ್ತು. ಆ ಕೊಂತದ ಮುಖ 4 ಚದರ ಸೆಂಟಿಮೀಟರ್ ಇದ್ದರೆ ದ್ರವದಲ್ಲಿ ಚದರ ಸೆಂಟಿಮೀಟರಿಗೆ 25 ಕಿಲೋ ಒತ್ತಡ. ಚಕ್ರದೊಳಗಿನ ಕೊಂತದ ಮುಖ 5 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ 125 ಕಿಲೋ. ಇಷ್ಟು ಬಲದಿಂದ ಬ್ರೇಕಿನ ಷೂಗಳು ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುತ್ತವೆ. ಒಬ್ಬ ಮುದುಕರ ಪಾದವೂ ಟನ್ನಿಗಿಂತ ಹೆಚ್ಚು ತೂಗುವ ಕಾರನ್ನು ನಿಲ್ಲಿಸುವ ಸೋಜಿಗ ಇದೇ.

ಈ ಸೋಜಿಗವೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ. ಕೊಳವೆಯೊಳಗೆ ದ್ರವವಲ್ಲದೆ ಬೇರೇನೂ ಇರಕೂಡದು. ದ್ರವ ಕುಗ್ಗುವುದಿಲ್ಲವೆಂದೇ ಹೇಳಬೇಕು, ಗಾಳಿ ಕುಗ್ಗುತ್ತದೆ. ಮೇಲಿನ ಲೆಕ್ಕದಲ್ಲಿ ಕೊಂತ 3 ಸೆಂಟಿಮೀಟರ್ ಚಲಿಸಬಲ್ಲುದಾದರೆ ಅದು ಒಮ್ಮೆಗೆ ತಳ್ಳುವ ದ್ರವ 12 ಘನ ಸೆಂಟಿಮೀಟರ್, ಅಂದರೆ ಎರಡು ಚಮಚೆಯ ಮೇಲೆ ಸ್ವಲ್ಪ. ಅದೇ ಕೊಳವೆಯಲ್ಲಿ 6 ಘನ ಸೆಂಟಿಮೀಟರ್ ಗಾಳಿ ಸೇರಿಕೊಂಡಿದ್ದರೆ, ಆ 25 ಕಿಲೋ ಒತ್ತಡದ ಕೆಳಗೆ ಅದು ಇಪ್ಪತ್ತೈದನೆಯ ಒಂದು ಪಾಲಿಗೆ ಕುಗ್ಗುತ್ತದೆ. ಪೆಡಲಿನ ಅರ್ಧ ದಾರಿ ಗಾಳಿಯನ್ನು ಹಿಂಡುವುದರಲ್ಲಿಯೇ ಕಳೆದುಹೋಯಿತು. ಕಾಲಿನ ಕೆಳಗೆ ಪೆಡಲು ಹತ್ತಿಯ ದಿಂಬಿನಂತೆ ಮೆತ್ತಗೆ ಇಳಿಯುತ್ತದೆ. ಚಾಲಕನು ಒತ್ತಿದ್ದಾನೆ, ಚಕ್ರಕ್ಕೆ ಸುದ್ದಿ ಮುಟ್ಟಿಲ್ಲ. ಪಾಠ ಹೇಳುವ ನಮಗೆ ಇಂತಹ ಅನುಭವ ಅಪರಿಚಿತವಲ್ಲವಾದ್ದರಿಂದ ಇದು ನನಗೆ ಬೇಗನೆ ಅರ್ಥವಾಯಿತು.

ಗಾಳಿ ಒಳಗೆ ಬರುವುದಾದರೂ ಹೇಗೆ? ಕೊಳವೆಯನ್ನು ಬಿಚ್ಚಿ ರಿಪೇರಿ ಮಾಡಿದಾಗ ಬರುವುದುಂಟು. ದ್ರವದ ಪಾತ್ರೆ ಬರಿದಾಗಲು ಬಿಟ್ಟರೆ ಬರುತ್ತದೆ. ಸಿಲಿಂಡರಿನೊಳಗಿನ ರಬ್ಬರಿನ ಬಟ್ಟಲುಗಳು ಸವೆದರೆ, ಪೆಡಲು ಹಿಂದಿರುಗುವಾಗ ಹೊರಗಿನಿಂದ ಎಳೆದುಕೊಳ್ಳುವುದೂ ಸಾಧ್ಯ. ಇನ್ನೊಂದು ದಾರಿ ಇವೆಲ್ಲಕ್ಕಿಂತ ಗೂಢವಾದುದು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ನಿಜವಾಗಿ ಎಣ್ಣೆಯೇ ಅಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಗ್ಲೈಕಾಲ್ ಜಾತಿಯ ರಾಸಾಯನಿಕ. ಉಪ್ಪಿನ ಭರಣಿಯನ್ನು ಮಳೆಗಾಲದಲ್ಲಿ ತೆರೆದಿಟ್ಟಂತೆ, ಅದು ಹವೆಯಿಂದ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂಬ ಗುರುತಿನ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಕೂಡದು ಎಂಬುದು ನಿಯಮ. ನೂರಕ್ಕೆ ಮೂರೂವರೆ ನಾಲ್ಕು ಪಾಲಿನಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಎಂಬುದಕ್ಕೆ ಈ ಅಂಕಿಗಳು 230 ಮತ್ತು 155. ಬೆಳ್ಳೂರು ಕ್ರಾಸಿನ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿಯೇ ಪಶ್ಚಿಮಕ್ಕೆ ಸಾಗಿದರೆ ಹಾಸನ, ಸಕಲೇಶಪುರ ಕಳೆದು ಶಿರಾಡಿ ಘಾಟಿ ಸಿಕ್ಕುತ್ತದೆ. ಅಂತಹ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿ ಹಿಡಿದರೆ ಡ್ರಮ್ಮು ಕಾದು, ಆ ಕಾವು ದ್ರವಕ್ಕೆ ತಗಲಿ, ಅದರೊಳಗಿನ ನೀರು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುವ ವಸ್ತು. ಮನೆಯಿಂದ ಹೊರಟಾಗ ಗಟ್ಟಿಯಾಗಿದ್ದ ಪೆಡಲು ಅರ್ಧ ಘಾಟಿಯಲ್ಲಿ ನೆಲಕ್ಕಿಳಿಯುವುದಕ್ಕೆ ಇದೇ ಕಾರಣ. ಏರಿದ ಗೇರಿನಲ್ಲಿಯೇ ಇಳಿಯಬೇಕು ಎಂದು ಹಳೆಯ ಚಾಲಕರು ಹೇಳುತ್ತಿದ್ದ ಸೂತ್ರ ಎಷ್ಟು ಅರ್ಥವತ್ತಾದುದೆಂಬುದು ಇಲ್ಲಿ ತಿಳಿಯುತ್ತದೆ.

ಇದರಿಂದ ಒಂದು ವಿಚಿತ್ರವಾದ ಫಲಿತಾಂಶ ಹೊರಡುತ್ತದೆ. ಓಡಾಡುವ ಕಾರಿಗಿಂತ ಬಹುಕಾಲ ನಿಂತ ಕಾರಿನ ಬ್ರೇಕಿನ ಮೇಲೆಯೇ ಸಂಶಯ ಹೆಚ್ಚು. ದ್ರವ ತೇವವನ್ನು ಕುಡಿಯುತ್ತದೆ, ಸಿಲಿಂಡರಿನ ಒಳಮೈ ತುಕ್ಕು ಹಿಡಿಯುತ್ತದೆ, ರಬ್ಬರು ಗಡುಸಾಗುತ್ತದೆ. ನಿಂತ ಕಾರು ನಿಲ್ಲುವುದನ್ನು ಮರೆಯುತ್ತದೆ ಎಂದರೆ ಮಾತಿನ ಚಮತ್ಕಾರವೆನಿಸೀತು. ಆದರೆ ಯಾವ ಮೇಸ್ತ್ರಿಯನ್ನು ಕೇಳಿದರೂ ಹೌದೆಂದೇ ಹೇಳುತ್ತಾರೆ.

ಒಳಗೆ ಸೇರಿದ ಗಾಳಿಯನ್ನೂ ಹಳಸಿದ ದ್ರವವನ್ನೂ ಹೊರಹಾಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬ್ಲೀಡಿಂಗ್ ಎಂದು ಹೆಸರು, ರಕ್ತ ತೆಗೆಯುವುದು ಎಂಬ ಅರ್ಥದಲ್ಲಿ. ಜಿಗಣೆ ಹಚ್ಚಿ ಕೆಟ್ಟ ರಕ್ತ ಹೊರಹರಿಸುತ್ತಿದ್ದ ಹಿಂದಿನ ವೈದ್ಯರ ನೆನಪು ಆ ಪದದಲ್ಲಿ ಉಳಿದಂತಿದೆ. ನಮ್ಮ ಕಡೆಯ ಷೆಡ್ಡುಗಳಲ್ಲಿ ‘ಬ್ಲೀಡ್ ಮಾಡೋದು’ ಎಂಬ ಮಾತಿನ ಜೊತೆಗೆ ‘ಏರ್ ತೆಗೆಯೋದು’, ‘ಗಾಳಿ ಬಿಡಿಸೋದು’ ಎಂಬ ಮಾತುಗಳೂ ನಡೆಯುತ್ತವೆ. ನನಗೆ ಈ ಎರಡನೆಯವು ಹೆಚ್ಚು ಹಿಡಿಸುತ್ತವೆ. ಇಂಗ್ಲಿಷಿನ ಪದ ಕಣ್ಣಿಗೆ ಕಾಣುವಂತೆ ಹೊರಗೆ ಹರಿಯುವ ದ್ರವವನ್ನು ಹೆಸರಿಸಿತು. ನಮ್ಮ ಮೇಸ್ತ್ರಿಗಳ ಮಾತು ಕಾಣದೆ ಒಳಗಿರುವ ರೋಗವನ್ನೇ ಹೆಸರಿಸಿತು. ನರಗಳಲ್ಲಿ ವಾಯು ಸೇರಿಕೊಂಡಿದೆ ಎಂದು ಮನೆಯ ಅಜ್ಜಿಯರು ಹೇಳುವುದಕ್ಕೂ ಇದಕ್ಕೂ ದೂರವಿಲ್ಲ. ಬ್ರೇಕು ಕೆಲಸ ಮಾಡುವುದನ್ನು ಕನ್ನಡದಲ್ಲಿ ‘ಹಿಡಿಯುವುದು’ ಎನ್ನುತ್ತಾರೆಂಬುದನ್ನೂ ಗಮನಿಸಬಹುದು. ಕೈ ಹಿಡಿಯುವುದು, ಮಾತು ಹಿಡಿಯುವುದು, ಬ್ರೇಕು ಹಿಡಿಯುವುದು: ಮೂರರಲ್ಲಿಯೂ ನಂಬಿಕೆಯ ಅಂಶವಿದೆ.

ಈ ಕೆಲಸವನ್ನು ಹತ್ತಿರದಿಂದ ನೋಡುವ, ಅಷ್ಟೇ ಅಲ್ಲ, ಅದರಲ್ಲಿ ಪಾಲುಗೊಳ್ಳುವ ಸಂದರ್ಭ ನನಗೆ ಒದಗಿದ್ದು ಒಂದು ಕಾರ್ತಿಕ ಮಾಸದಲ್ಲಿ. ನನ್ನ ಸೋದರಮಾವನವರು ನಾಗಮಂಗಲದ ಸೀಮೆಯವರು, ನಿವೃತ್ತರಾದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಅವರಲ್ಲಿ 1976ರ ಒಂದು ಅಂಬಾಸಿಡರ್ ಕಾರಿದೆ, ಮಾರ್ಕ್ 3 ಎಂಬ ಮಾದರಿಯದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ನಮ್ಮ ದೇಶದ ರಸ್ತೆಗಳಿಗೆ ಬಂದದ್ದು ವಾಚಕರಿಗೆ ತಿಳಿದೇ ಇದೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮಾವನವರು ಮೂರು ವರ್ಷ ಅದನ್ನು ಹೊರಗೆ ತೆಗೆದಿರಲಿಲ್ಲ. ಈಗ ದೃಷ್ಟಿ ಚೆನ್ನಾಗಿದೆ, ವೈದ್ಯರ ಒಪ್ಪಿಗೆಯೂ ಸಿಕ್ಕಿದೆ; ಅಮಾವಾಸ್ಯೆಯ ದಿನ ಮಗಳನ್ನೂ ಮೊಮ್ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ತಾವೇ ಕಾರು ನಡೆಸಿ ಆದಿಚುಂಚನಗಿರಿಗೆ ಹೋಗಿಬರಬೇಕೆಂಬ ಹರಕೆ ಅವರದು. ಹೊರಡುವ ಹಿಂದಿನ ದಿನ ಪೆಡಲು ಮೆತ್ತಗಿದೆ ಎಂದು ಹೇಳಿ ನನ್ನನ್ನೂ ಕರೆದುಕೊಂಡು ಹೆದ್ದಾರಿಯ ಬದಿಯ ಒಂದು ಷೆಡ್ಡಿಗೆ ನಿಧಾನವಾಗಿ ಬಂದರು.

ಆದಿಚುಂಚನಗಿರಿಯ ದಾರಿ ಶಿರಾಡಿಯಂತಹ ಘಾಟಿಯೇನೂ ಅಲ್ಲ. ಆದರೆ ಬೆಟ್ಟ ಬೆಟ್ಟವೇ. ಅಮಾವಾಸ್ಯೆಯ ದಿನ ಅಲ್ಲಿ ಜನಸಂದಣಿ. ವಯಸ್ಸಾದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ರಸ್ತೆಯಲ್ಲಿಯೇ ನಡೆಯುತ್ತಾರೆ. 1981ರಿಂದ ನವಿಲುಧಾಮವೆಂದು ಹೆಸರಾದ ಆ ಕಾಡಿನಲ್ಲಿ ಯಾವ ತಿರುವಿನಲ್ಲಿ ನವಿಲೊಂದು ದಾರಿಗೆ ಇಳಿದೀತೆಂದು ಹೇಳಲಾಗದು.

ಮೇಸ್ತ್ರಿಗಳು ಅರವತ್ತು ದಾಟಿದವರು, ಮಿತಭಾಷಿ. ಮೊದಲು ಷೂಗಳ ಅಂತರವನ್ನು ಸರಿಪಡಿಸಿಕೊಂಡರು. ಆಮೇಲೆ ದ್ರವದ ಪಾತ್ರೆಯನ್ನು ಅಂಚಿನವರೆಗೆ ತುಂಬಿ, ಅದು ಬರಿದಾಗದಂತೆ ನೋಡಿಕೊಳ್ಳಲು ಹುಡುಗನೊಬ್ಬನನ್ನು ಇಟ್ಟರು. ನನ್ನನ್ನು ಚಾಲಕನ ಸ್ಥಾನದಲ್ಲಿ ಕೂರಿಸಿದರು. ತಾವು ಎಡಗಡೆಯ ಹಿಂದಿನ ಚಕ್ರದ ಬಳಿ ಮಲಗಿದರು. ಮಾಸ್ಟರ್ ಸಿಲಿಂಡರಿಗೆ ಬಹಳ ದೂರದ ಚಕ್ರ ಅದೇ ಆದ್ದರಿಂದ ಅಲ್ಲಿಂದ ಆರಂಭಿಸಿ ಹತ್ತಿರದ ಚಕ್ರಕ್ಕೆ ಬರುವುದು ಕ್ರಮ. ಚಕ್ರದ ಹಿಂಬದಿಯಲ್ಲಿ ನಿಪ್ಪಲ್ ಎಂಬ ಸಣ್ಣ ತಿರುಪೊಂದಿದೆ. ಅದಕ್ಕೆ ರಬ್ಬರಿನ ಕೊಳವೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ದ್ರವವಿರುವ ಗಾಜಿನ ಸೀಸೆಯಲ್ಲಿ ಮುಳುಗಿಸಿದರು. ಹೊರಬಂದ ಗಾಳಿ ಹಿಂದಿರುಗಬಾರದಲ್ಲವೆ?

“ಒತ್ತಿ ಮೇಷ್ಟ್ರೇ.” ಒತ್ತಿದೆ. “ಹಿಡ್ಕಳಿ.” ಹಿಡಿದೆ. ಅವರು ತಿರುಪನ್ನು ಅರ್ಧ ಸುತ್ತು ಸಡಿಲಿಸಿದಾಗ ನನ್ನ ಕಾಲಿನ ಕೆಳಗೆ ಪೆಡಲು ನೆಲದವರೆಗೆ ಕುಸಿಯಿತು. ತಿರುಪನ್ನು ಬಿಗಿಮಾಡಿದ ಸದ್ದು. “ಬುಡಿ.” ಬಿಟ್ಟೆ. ಮತ್ತೆ “ಒತ್ತಿ.” ತಿರುಪು ಬಿಗಿಯಾಗುವ ಮೊದಲೇ ನಾನು ಕಾಲು ತೆಗೆದರೆ ಗಾಳಿ ಒಳಕ್ಕೆ ಹೋಗಬಹುದು, ನಾನು ಒತ್ತುವ ಮೊದಲೇ ಅವರು ಸಡಿಲಿಸಿದರೂ ಕೆಲಸ ಕೆಟ್ಟಂತೆಯೇ. ಅವರ ಮುಖ ನನಗೆ ಕಾಣದು, ನನ್ನ ಕಾಲು ಅವರಿಗೆ ಕಾಣದು. ನಡುವೆ ಇರುವುದು ಮೂರು ಮಾತುಗಳು ಮಾತ್ರ. ಭಾಷೆಯನ್ನು ಕುರಿತು ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ, ಮಾತಿಗೆ ಇಷ್ಟು ಭಾರವಿರುವ ಸಂಭಾಷಣೆಯೊಂದು ಷೆಡ್ಡಿನಲ್ಲಿ ದೊರೆತದ್ದು ಸಂತೋಷವನ್ನೇ ಕೊಟ್ಟಿತು.

ಸೀಸೆಯೊಳಗೆ ಮೊದಲು ಕಾಫಿಯ ಬಣ್ಣದ ದ್ರವ ಬಂದಿತು. ಅದರೊಡನೆ ಗುಳ್ಳೆಗಳ ಸಾಲು. ಹತ್ತು ಹನ್ನೆರಡು ಸಲ ಒತ್ತಿದ ಮೇಲೆ ಗುಳ್ಳೆ ನಿಂತು, ಹೊಸ ದ್ರವದ ತಿಳಿಬಣ್ಣ ಕಾಣಿಸಿತು. ಬಲಗಡೆಯ ಹಿಂದಿನದು, ಎಡಗಡೆಯ ಮುಂದಿನದು, ಬಲಗಡೆಯ ಮುಂದಿನದು, ಹೀಗೆ ನಾಲ್ಕೂ ಮುಗಿದಾಗ ಪೆಡಲು ಕಲ್ಲಿನಂತಾಗಿತ್ತು. ಮಾವನವರು ಜೇಬಿಗೆ ಕೈಹಾಕಿ ಹಣ ಎಣಿಸತೊಡಗಿದರು. ಮೇಸ್ತ್ರಿಗಳು ಹಣ ಮುಟ್ಟಲಿಲ್ಲ. “ಒಂದು ಟೀ ಕುಡಿಯೋವಷ್ಟು ಹೊತ್ತು ಇರ್ಲಿ” ಎಂದರು. ಟೀ ಕುಡಿದು ಬಂದು ಪೆಡಲಿನ ಮೇಲೆ ತಾವೇ ಕಾಲಿಟ್ಟರು. ಅದು ಮತ್ತೆ ತುಸು ಮೆತ್ತಗಾಗಿತ್ತು. ಮೊದಲ ಚಕ್ರದ ನಿಪ್ಪಲನ್ನು ಸಡಿಲಿಸಿದರೆ ಮತ್ತೆ ಗುಳ್ಳೆ.

ಚಕ್ರ ಬಿಚ್ಚಿ, ಡ್ರಮ್ಮನ್ನು ಕಳಚಿದರು. ಒಳಗೆ ಸಿಲಿಂಡರಿನ ಬಾಯಿಯ ಸುತ್ತ ಒದ್ದೆ. ರಬ್ಬರಿನ ಬಟ್ಟಲು ಉಬ್ಬಿ, ಬೆರಳಿನಲ್ಲಿ ಒತ್ತಿದರೆ ನೆನೆದ ಹುಣಿಸೆಹಣ್ಣಿನಂತೆ ಆಗಿತ್ತು. ಎಂದೋ ಎಲ್ಲಿಯೋ ಯಾರೋ ಬ್ರೇಕ್ ದ್ರವದ ಬದಲು ಸಾಧಾರಣ ಯಂತ್ರದ ಎಣ್ಣೆಯನ್ನು ಪಾತ್ರೆಗೆ ಸುರಿದಿದ್ದರ ಫಲ ಅದು. ಅಂತಹ ಎಣ್ಣೆ ಈ ಜಾತಿಯ ರಬ್ಬರಿಗೆ ವಿಷ. ಉಬ್ಬಿದ ಬಟ್ಟಲು ಒಂದಾದರೆ ಉಳಿದವನ್ನೂ ನಂಬುವಂತಿಲ್ಲ.

“ಯಜಮಾನ್ರೇ, ಇವತ್ತು ಗಾಡಿ ಕೊಡಾಕಾಗಲ್ಲ. ಎಲ್ಲಾ ರಬ್ಬರೂ ಬದಲಾಯಿಸ್ಬೇಕು. ಸಾಮಾನು ಬೆಂಗಳೂರಿಂದ ತರಿಸ್ಬೇಕು.”

ಮಾವನವರ ಮುಖ ಬಾಡಿತು. “ಮೂರು ಚಕ್ರ ಹಿಡೀತದಲ್ಲಪ್ಪ? ನಾನು ನಿಧಾನಕ್ಕೆ ಹೋಯ್ತೀನಿ. ಮೂವತ್ತರ ಮೇಲೆ ಬಿಡಾಕಿಲ್ಲ.”

“ಮೂರು ಚಕ್ರದ ಬ್ರೇಕು ಅಂತ ಈ ಗಾಡೀಲಿ ಇಲ್ಲ ಯಜಮಾನ್ರೇ. ನಾಲ್ಕಕ್ಕೂ ಒಂದೇ ನೀರು. ಒಂದರಲ್ಲಿ ಸೋರೋಯ್ತು ಅಂದ್ರೆ ನಾಲ್ಕೂ ಹೋದಂಗೆ.”

ಮಾವನವರು ಹರಕೆಯ ಮಾತು ಹೇಳಿದರು, ಮೊಮ್ಮಕ್ಕಳು ಕಾದಿರುವ ಮಾತು ಹೇಳಿದರು, ಕೊನೆಗೆ ಸ್ವಲ್ಪ ಕೋಪದಿಂದಲೇ ಕಾರು ತಮ್ಮದೆಂಬ ಮಾತನ್ನೂ ಹೇಳಿದರು. ಮೇಸ್ತ್ರಿಗಳು ಕಳಚಿದ ಡ್ರಮ್ಮನ್ನು ಬಟ್ಟೆಯಿಂದ ಒರೆಸುತ್ತ ಕುಳಿತಿದ್ದರು. “ಕಾರು ನಿಮ್ಮದೇ. ಮಕ್ಳು ಕೂರ್ತವಲ್ಲ ಅದ್ರಲ್ಲಿ. ದೇವ್ರು ಮುಂದಿನ ಅಮಾಸೆಗೂ ಅಲ್ಲೇ ಇರ್ತಾನೆ” ಎಂದರು. ಅದರ ಮೇಲೆ ಯಾರೂ ಮಾತಾಡಲಿಲ್ಲ. ಮರುದಿನ ಮಾವನವರು ಮನೆಯವರೊಡನೆ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಬಂದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಬ್ಬರುಗಳು ಬಂದು, ಇಡೀ ಕೊಳವೆಯನ್ನು ತೊಳೆದು, ಎರಡನೆಯ ಸಲ ಗಾಳಿ ತೆಗೆಯುವ ಹೊತ್ತಿಗೆ ಐದು ದಿನ ಕಳೆದಿದ್ದವು. ಈ ಸಲ ಟೀ ಕುಡಿದು ಬಂದ ಮೇಲೂ, ರಾತ್ರಿ ಕಳೆದ ಮೇಲೂ ಪೆಡಲು ಅಲುಗಲಿಲ್ಲ. ಷೆಡ್ಡಿನ ಹಿಂದಿನ ಬಯಲಿನಲ್ಲಿ ಮೇಸ್ತ್ರಿಗಳು ಕಾರನ್ನು ಓಡಿಸಿ ಒಮ್ಮೆಗೇ ನಿಲ್ಲಿಸಿದರು. ಮಣ್ಣಿನ ಮೇಲೆ ಚಕ್ರಗಳು ಎಳೆದ ಗೆರೆಗಳನ್ನು ಬಗ್ಗಿ ನೋಡಿ, ಅವು ನೆಟ್ಟಗಿರುವುದನ್ನು ಕಂಡ ಮೇಲೆಯೇ ಬೀಗದ ಕೈ ಕೊಟ್ಟರು.

ಆ ದಿನಗಳ ಅನಂತರ ನಾನು ಈ ಕೆಲಸದ ಸ್ವಭಾವವನ್ನು ಕುರಿತು ಬಹಳ ಸಲ ಯೋಚಿಸಿದ್ದೇನೆ. ಬಣ್ಣ ಬಳಿದವನ ಕೆಲಸ ಕಣ್ಣಿಗೆ ಕಾಣುತ್ತದೆ. ಎಂಜಿನ್ ಸರಿಪಡಿಸಿದವನ ಕೆಲಸ ಕಿವಿಗೆ ಕೇಳುತ್ತದೆ. ಬ್ರೇಕಿನಿಂದ ಗಾಳಿ ತೆಗೆದವನ ಕೆಲಸಕ್ಕೆ ತೋರಿಸುವಂತಹ ರೂಪವೇ ಇಲ್ಲ. ಏನೂ ಆಗದಿರುವುದೇ ಅದರ ಫಲ. ರಸ್ತೆಗೆ ಓಡಿಬಂದ ಮಗುವೊಂದು ಮನೆಗೆ ಹಿಂದಿರುಗಿ ಊಟ ಮಾಡುತ್ತದೆ, ಅಷ್ಟೆ. ಆ ಮಗುವಿನ ತಾಯಿಗೆ ಮೇಸ್ತ್ರಿಯ ಹೆಸರು ತಿಳಿಯದು. ಕೆಲಸವನ್ನು ಮುಕ್ಕಾಲು ಮಾಡಿ ಬಿಟ್ಟರೂ ಆ ದಿನ ಯಾರಿಗೂ ಗೊತ್ತಾಗುವುದಿಲ್ಲ. ಮಾವನವರು ಹಣ ಎಣಿಸಿದ ಹೊತ್ತಿನಲ್ಲಿ ಪೆಡಲು ಕಲ್ಲಿನಂತೆಯೇ ಇತ್ತಲ್ಲ! ಪರೀಕ್ಷಿಸುವವರಿಲ್ಲದ ಕಡೆ ಪ್ರಾಮಾಣಿಕತೆಯೊಂದೇ ಅಳತೆಗೋಲು. ಗ್ರಂಥಸಂಪಾದಕನು ಹತ್ತು ಓಲೆಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ನಿರ್ಣಯಿಸುವಾಗಲೂ, ಉಪಾಧ್ಯಾಯನು ಮುಚ್ಚಿದ ಬಾಗಿಲೊಳಗೆ ಉತ್ತರಪತ್ರಿಕೆಗಳನ್ನು ನೋಡುವಾಗಲೂ ಇದೇ ಸ್ಥಿತಿ. ಹೀಗಾಗಿ ವಿದ್ಯಾರ್ಥಿಗಳು ಆದರ್ಶವನ್ನು ಹುಡುಕಿಕೊಂಡು ಸದಾ ಮಹಾಪುರುಷರ ಚರಿತ್ರೆಗಳ ಕಡೆಗೇ ಹೋಗಬೇಕಾಗಿಲ್ಲವೆಂದು ನನಗೆ ತೋರುತ್ತದೆ.

ಕಾಲ ಬದಲಾಗಿದೆ ನಿಜ. ನಾಲ್ಕು ಚಕ್ರಕ್ಕೂ ಒಂದೇ ದಾರಿಯಿದ್ದ ಹಳೆಯ ಏರ್ಪಾಡಿನ ಅಪಾಯವನ್ನು ಕಂಡು ತಯಾರಕರು ದಾರಿಯನ್ನು ಎರಡಾಗಿ ಒಡೆದರು. ಒಂದು ಸೋರಿದರೂ ಇನ್ನೊಂದು ಹಿಡಿಯುವಂತೆ ಮಾಡಿದರು. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಅದು ಕಡ್ಡಾಯವಾಯಿತು. ಇಂದಿನ ಕಾರುಗಳಲ್ಲಿ ದ್ರವ ಕಡಮೆಯಾದರೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಚಕ್ರ ಜಾರದಂತೆ ನೋಡಿಕೊಳ್ಳುವ ವಿದ್ಯುತ್ ಉಪಕರಣಗಳಿವೆ. ಗಾಳಿ ತೆಗೆಯಲು ಒಬ್ಬರೇ ನಡೆಸಬಹುದಾದ ಯಂತ್ರಗಳೂ ಬಂದಿವೆ. ಇವೆಲ್ಲ ಒಳ್ಳೆಯವೇ, ಹಳೆಯದೆಂಬ ಕಾರಣಕ್ಕೆ ಅಪಾಯವನ್ನು ಮುದ್ದಿಸುವುದು ರಸಿಕತೆಯಲ್ಲ. ಆದರೆ ದ್ರವ ತೇವ ಕುಡಿಯುವುದನ್ನು ಹೊಸ ಕಾರೂ ತಪ್ಪಿಸಿಕೊಂಡಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂದು ಬಲ್ಲವರು ಹೇಳುತ್ತಾರೆ. ಕೆಂಪು ದೀಪ ದ್ರವದ ಮಟ್ಟವನ್ನು ಹೇಳೀತು, ಅದರೊಳಗಿನ ನೀರನ್ನು ಹೇಳದು.

ಮನೆಯಲ್ಲಿ ಹಳೆಯ ಕಾರನ್ನು ಉಳಿಸಿಕೊಂಡಿರುವ ವಾಚಕರಿಗೆ ಕೆಲವು ಮಾತುಗಳನ್ನು ಹೇಳಿ ಮುಗಿಸಬಹುದು. ಹೊರಡುವ ಮೊದಲು ನಿಂತಲ್ಲಿಯೇ ಪೆಡಲನ್ನು ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ. ಎರಡು ಮೂರು ಸಲ ಬೇಗಬೇಗ ಒತ್ತಿದ ಮೇಲೆ ಪೆಡಲು ಎತ್ತರಕ್ಕೆ ಬಂದು ಗಟ್ಟಿಯಾಗುವುದಾದರೆ ಒಳಗೆ ಗಾಳಿಯಿರಬಹುದು, ಇಲ್ಲವೆ ಷೂಗಳ ಅಂತರ ಹೆಚ್ಚಾಗಿರಬಹುದು. ಎರಡರಲ್ಲಿ ಯಾವುದಾದರೂ ಕಂಡರೆ ಕಾರನ್ನು ರಸ್ತೆಗೆ ಇಳಿಸಬೇಡಿ. ಸೀಸೆಗೆ ಬಂದ ಹಳೆಯ ದ್ರವವನ್ನು ಮತ್ತೆ ಪಾತ್ರೆಗೆ ಸುರಿಯಬೇಡಿ. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಕೂಡಲೆ ನೀರಿನಿಂದ ತೊಳೆಯಿರಿ. ಅದು ಬಣ್ಣವನ್ನು ತಿನ್ನುತ್ತದೆ. ತೆರೆದಿಟ್ಟ ಡಬ್ಬಿಯ ದ್ರವ ಅಗ್ಗವೆಂದು ಕೊಳ್ಳಬೇಡಿ. ಕೈಬ್ರೇಕು ದ್ರವವನ್ನು ನಂಬದೆ ತಂತಿ ಕಂಬಿಗಳಿಂದ ಕೆಲಸ ಮಾಡುವುದರಿಂದ ಅದನ್ನೂ ಬೇರೆಯಾಗಿ ಪರೀಕ್ಷಿಸಿಡಿ. ಕಷ್ಟಕಾಲದಲ್ಲಿ ಉಳಿಯುವ ನೆಂಟ ಅದೊಂದೇ. ಎಲ್ಲಕ್ಕಿಂತ ಮಿಗಿಲಾಗಿ, ‘ಇವತ್ತು ಗಾಡಿ ಕೊಡುವುದಿಲ್ಲ’ ಎಂದು ಹೇಳುವ ಮೇಸ್ತ್ರಿಯೊಬ್ಬರು ನಿಮಗೆ ಸಿಕ್ಕಿದ್ದರೆ ಅವರನ್ನು ಬಿಡಬೇಡಿ. ಹೌದೆನ್ನುವವರು ಹೆದ್ದಾರಿಯ ಉದ್ದಕ್ಕೂ ಸಿಕ್ಕುತ್ತಾರೆ.